ಪೀಬಡಿಯ ಷರತ್ತು ಮತ್ತು ‘ಹೌಸ್ ಆಫ್ ಲವ್’: ಒಂದು ತಪ್ಪು ಓದು

ಛಾಯಾಗ್ರಾಹಕಿ ದಯಾನಿತಾ ಸಿಂಗ್ ಅವರ ‘ಹೌಸ್ ಆಫ್ ಲವ್’ (2011) ಪುಸ್ತಕಕ್ಕೆ ಥಟ್ಟನೆ ಹೊಳೆಯುವ ಓದೊಂದಿದೆ: ಹಾರ್ವರ್ಡಿನ ಪೀಬಡಿ ವಸ್ತುಸಂಗ್ರಹಾಲಯ ಮಾನವಶಾಸ್ತ್ರದ್ದು, ಅದು ತನ್ನ ಫೆಲೋಶಿಪ್ಪಿನ ಮೂಲಕ ಹಣ ಕೊಟ್ಟದ್ದು ದಾಖಲೆಗೆ, ಕಲಾವಿದೆ ತಂದೊಪ್ಪಿಸಿದ್ದು ಕಟ್ಟುಕಥೆ. ಮೆಚ್ಚುವವರಿಗೆ ಇದು ಜಾಣ ಬಂಡಾಯ, ಮೆಚ್ಚದವರಿಗೆ ವಚನಭಂಗ. ಇಬ್ಬರೂ ಫೆಲೋಶಿಪ್ಪಿನ ಷರತ್ತನ್ನು ಅರ್ಧಕ್ಕೇ ಓದಿ ಮಡಚಿಟ್ಟಿದ್ದಾರೆ.

ರಾಬರ್ಟ್ ಗಾರ್ಡ್ನರ್ ಫೆಲೋಶಿಪ್ ಕೇಳುವುದು ಇಷ್ಟು: ನುರಿತ ಛಾಯಾಗ್ರಾಹಕರೊಬ್ಬರು ಜಗತ್ತಿನ ಯಾವ ಮೂಲೆಯದಾದರೂ ಸರಿ, ಮನುಷ್ಯನ ಬದುಕಿನ ಸ್ಥಿತಿಯನ್ನು ಕುರಿತು ಮಹತ್ವದ ಚಿತ್ರಪುಸ್ತಕ ರೂಪಿಸಬೇಕು, ಅದು ಪೀಬಡಿಯ ಮೂಲಕವೇ ಪ್ರಕಟವಾಗಬೇಕು. ವಿಮರ್ಶಕರೆಲ್ಲ ಜೋತುಬೀಳುವುದು ಮೊದಲ ಭಾಗಕ್ಕೆ. ಆದರೆ ಅದು ಯಾರನ್ನೂ ಕಟ್ಟಿಹಾಕುವುದಿಲ್ಲ. ಅದರೊಳಗೆ ಬಾರದ ಚಿತ್ರ ಯಾವುದಿದೆ? ನಿಜವಾಗಿ ಬಿಗಿಯಾಗಿರುವುದು ಎರಡನೆಯ ಭಾಗ. ಪ್ರದರ್ಶನವಲ್ಲ, ವರದಿಯಲ್ಲ, ಸಂಗ್ರಹಕ್ಕೆ ಸೇರಿಸುವ ಪ್ರತಿಗಳೂ ಅಲ್ಲ, ಪುಸ್ತಕವೇ ಆಗಬೇಕು. ಎಂದರೆ ಪುಟಗಳ ಸರಣಿ, ಎದುರುಬದುರು ಚಿತ್ರಗಳು, ಮೊದಲು ಯಾವುದು ನಂತರ ಯಾವುದು ಎಂಬ ತೀರ್ಮಾನ. ಸಿಂಗ್ ಪ್ರಯೋಗ ನಡೆಸಿದ್ದು ಇಲ್ಲಿಯೇ. ಲೇಖಕ ಅವೀಕ್ ಸೇನ್ ಅವರೊಡಗೂಡಿ ಪುಸ್ತಕವನ್ನು ಒಂಬತ್ತು ಸಣ್ಣಕಥೆಗಳಾಗಿ ಹೆಣೆದರು. ತಾಜ್ ಮಹಲ್ ಮತ್ತೆ ಮತ್ತೆ ಬರುತ್ತದೆ, ಆದರೆ ಆಗ್ರಾದ ಮಾಹಿತಿಯಾಗಿ ಅಲ್ಲ. ಷರತ್ತನ್ನು ಮುರಿದದ್ದು ಎಲ್ಲಿ? ಅಕ್ಷರಶಃ ಪಾಲಿಸಿದ್ದಾರೆ.

ಸಿಂಗ್ ಅವರನ್ನು ಅಪವಾದವೆಂದು ಎಣಿಸುವವರು ಅವರಿಗಿಂತ ಮೊದಲು ಬಂದವರನ್ನು ನೋಡಲಿ. 2007ರ ಮೊದಲ ಫೆಲೋ ದಕ್ಷಿಣ ಆಫ್ರಿಕದ ಗೈ ಟಿಲಿಮ್. ಅವರ ‘ಅವೆನ್ಯೂ ಪ್ಯಾಟ್ರಿಸ್ ಲುಮುಂಬಾ’ದಲ್ಲಿ (2008) ಮೊಜಾಂಬಿಕ್, ಕಾಂಗೋ, ಅಂಗೋಲಗಳ ವಸಾಹತುಕಾಲದ ಕಚೇರಿಗಳು, ಹೋಟೆಲುಗಳು, ಬಣ್ಣ ಕಳೆದುಕೊಂಡ ಗೋಡೆಗಳು. ಮಾನವಶಾಸ್ತ್ರದ ಪಠ್ಯ ಹುಡುಕುವ ಕಣ್ಣಿಗೆ ಅಲ್ಲಿ ಕಟ್ಟಡಗಳೇ ಸಿಗುತ್ತವೆ, ‘ಜನಾಂಗ’ ಸಿಗುವುದಿಲ್ಲ. ಪೀಬಡಿ ಅದನ್ನು ತಕರಾರಿಲ್ಲದೆ ಪ್ರಕಟಿಸಿತು.

ಇನ್ನು ಗಾರ್ಡ್ನರ್. ಅವರ ಹೆಸರಿನ ಫೆಲೋಶಿಪ್ ದಾಖಲೆಗೆ ಮೀಸಲು ಎನ್ನುವವರು ಅವರು ಕಾಶಿಯ ಘಾಟುಗಳಲ್ಲಿ ಚಿತ್ರೀಕರಿಸಿದ ‘ಫಾರೆಸ್ಟ್ ಆಫ್ ಬ್ಲಿಸ್’ (1986) ಸಿನಿಮಾ ನೋಡಿರಲಾರರು. ಅದರಲ್ಲಿ ನಿರೂಪಕನ ದನಿಯಿಲ್ಲ, ಆಡಿದ ಮಾತಿಗೆ ಅಡಿಬರಹವೂ ಇಲ್ಲ. ಮಾನವಶಾಸ್ತ್ರಜ್ಞರಲ್ಲಿ ಅನೇಕರು ಸಿಡಿಮಿಡಿಗೊಂಡದ್ದು ಅದಕ್ಕೇ. (ಸಿಡಿಮಿಡಿಗೆ ಕಾರಣವೇ ಇರಲಿಲ್ಲ ಎನ್ನಲಾರೆ, ಅಲ್ಲಿಯ ಜನ ಏನು ಮಾತಾಡುತ್ತಿದ್ದಾರೆಂದು ತಿಳಿಯದೆ ತೊಂಬತ್ತು ನಿಮಿಷ ಕಾಶಿಯನ್ನು ನೋಡುವುದರಲ್ಲಿ ಒಂದು ಬಗೆಯ ಠೀವಿ ಇದೆ.)

ಒಂದು ಮಾತು ಒಪ್ಪಿಕೊಳ್ಳಲೇಬೇಕು. ಈ ಪ್ರಯೋಗವನ್ನು ಫೆಲೋಶಿಪ್ಪೇ ಹುಟ್ಟಿಸಿತು ಎಂದು ನಾನು ವಾದಿಸುತ್ತಿಲ್ಲ. ಸಿಂಗ್ 2008ರ ಫೆಲೋ. ಪೆಟ್ಟಿಗೆಯೊಂದರಲ್ಲಿ ಏಳು ಮಡಿಕೆಪುಸ್ತಕಗಳನ್ನಿಟ್ಟ ‘ಸೆಂಟ್ ಎ ಲೆಟರ್’ ಅದೇ ವರ್ಷ ಸ್ಟೈಡಲ್‌ ಪ್ರಕಾಶನದಿಂದ ಹೊರಬಂದಿತ್ತು. ಪುಸ್ತಕದ ಹುಚ್ಚು ಅವರಿಗೆ ಮೊದಲೇ ಹಿಡಿದಿತ್ತು. ಪೀಬಡಿ ಕೊಟ್ಟದ್ದು ಹಣ ಮತ್ತು ವಿಳಾಸ. ಜನಾಂಗಚಿತ್ರಣದೊಡನೆ ನೇರ ಜಗಳಕ್ಕಿಳಿಯಲು ಅಂಥ ವಿಳಾಸವೇ ಬೇಕೆಂದೂ ಇಲ್ಲ: ಕಲಾವಿದೆ ಪುಷ್ಪಮಾಲಾ ಎನ್. ಮತ್ತು ಛಾಯಾಗ್ರಾಹಕಿ ಕ್ಲೇರ್ ಆರ್ನಿ 2000–04ರಲ್ಲಿ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಚಿತ್ರಸರಣಿ ಕಟ್ಟಿದ್ದು ಬೆಂಗಳೂರಿನ ಇಂಡಿಯಾ ಫೌಂಡೇಷನ್ ಫಾರ್ ದಿ ಆರ್ಟ್ಸ್ ನೆರವಿನಿಂದ. ವಿಳಾಸವನ್ನೇ ದೊಡ್ಡದು ಮಾಡುವ ನಮ್ಮ ವಿಮರ್ಶೆ ಈ ಕೆಲಸವನ್ನು ‘ಹೌಸ್ ಆಫ್ ಲವ್’ ಪಕ್ಕದಲ್ಲಿಟ್ಟು ನೋಡಬೇಕಿತ್ತು.

ಪೀಬಡಿಯ ಚರಿತ್ರೆಯನ್ನು ತರಾಟೆಗೆ ತೆಗೆದುಕೊಳ್ಳಬೇಕೆನ್ನುವವರಿಗೆ ಬೇರೆಯೇ ಸಾಮಗ್ರಿ ಇದೆ. 1850ರಲ್ಲಿ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ತೆಗೆಸಿದ, ಗುಲಾಮರಾಗಿದ್ದ ಕಪ್ಪು ಜನರ ಡಾಗೆರೋಟೈಪ್ ಛಾಯಾಚಿತ್ರಗಳು ಅದರ ಅಟ್ಟದಲ್ಲಿ 1976ರಲ್ಲಿ ಸಿಕ್ಕವು. ಗೆಟ್ಟಿ ವಸ್ತುಸಂಗ್ರಹಾಲಯದ ಆಹ್ವಾನದ ಮೇಲೆ ಕಲಾವಿದೆ ಕ್ಯಾರಿ ಮೇ ವೀಮ್ಸ್ 1995ರಲ್ಲಿ ಆ ಚಿತ್ರಗಳನ್ನು ಕೆಂಪುಬಣ್ಣದಲ್ಲಿ ಮರುಮುದ್ರಿಸಿ ಮೇಲೆ ಮಾತು ಬರೆದಾಗ, ಹಾರ್ವರ್ಡ್ ಮೊಕದ್ದಮೆಯ ಬೆದರಿಕೆ ಹಾಕಿತೆಂದು ಅವರೇ ಹೇಳಿದ್ದಾರೆ. ಮುಂದೆ ಅದೇ ವಿಶ್ವವಿದ್ಯಾಲಯ ಆ ಕೃತಿಯಿಂದ ಚಿತ್ರಗಳನ್ನು ಕೊಂಡುಕೊಂಡಿತು.