ಐಡಲ್ (ಇಂಗ್ಲಿಷ್ ಗುಣವಾಚಕ)

ಐಡಲ್ ಎಂಬುದು ಇಂಗ್ಲಿಷ್ ಭಾಷೆಯ ಒಂದು ಗುಣವಾಚಕ. ಕೆಲಸದಲ್ಲಿ ತೊಡಗಿರದ, ಚಲನೆಯಿಲ್ಲದ, ಬಳಕೆಯಲ್ಲಿಲ್ಲದ ಅಥವಾ ಫಲವಿಲ್ಲದ ಸ್ಥಿತಿಯನ್ನು ಇದು ಸೂಚಿಸುತ್ತದೆ. ಯಂತ್ರ, ಭೂಮಿ, ಹಣ, ಮನುಷ್ಯ, ಮಾತು ಇವೆಲ್ಲಕ್ಕೂ ಈ ಒಂದೇ ಪದ ಅನ್ವಯವಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಸಂಪೂರ್ಣವಾಗಿ ಹೊಂದುವ ಒಂದೇ ಪದವಿಲ್ಲ. ಸಂದರ್ಭಕ್ಕನುಗುಣವಾಗಿ ನಿಷ್ಕ್ರಿಯ, ಬಿಡುವಾದ, ಬೀಳು, ನಿರುದ್ಯೋಗಿ, ಸೋಮಾರಿ, ವ್ಯರ್ಥ ಮುಂತಾದ ಪದಗಳನ್ನು ಬಳಸಲಾಗುತ್ತದೆ. ಇವುಗಳಲ್ಲಿ ಕೆಲವು ಸ್ಥಿತಿಯನ್ನಷ್ಟೇ ಹೇಳುತ್ತವೆ, ಕೆಲವು ದೋಷವನ್ನು ಆರೋಪಿಸುತ್ತವೆ. ಆದ್ದರಿಂದ ಅನುವಾದದಲ್ಲಿ ಪದದ ಆಯ್ಕೆಗೆ ಮಹತ್ವವಿದೆ.

ವ್ಯುತ್ಪತ್ತಿ

ಈ ಪದವು ಹಳೆಯ ಇಂಗ್ಲಿಷಿನ ‘ಈಡೆಲ್’ ಎಂಬ ರೂಪದಿಂದ ಬಂದಿದೆ. ಅದರ ಮೂಲಾರ್ಥ ‘ಬರಿದಾದ, ಶೂನ್ಯವಾದ’ ಎಂದು. ಹಳೆಯ ಇಂಗ್ಲಿಷಿನ ಬೈಬಲ್ ಅನುವಾದದಲ್ಲಿ ಸೃಷ್ಟಿಯ ಆರಂಭದ ಬರಿದಾದ ಭೂಮಿಯನ್ನು ವರ್ಣಿಸಲು ಇದೇ ಪದ ಬಳಕೆಯಾಗಿದೆ. ಜರ್ಮನ್ ಭಾಷೆಯ ‘ಐಟೆಲ್’ ಮತ್ತು ಡಚ್ ಭಾಷೆಯ ‘ಐಡೆಲ್’ ಇದರ ಜ್ಞಾತಿಪದಗಳು. ಅವುಗಳಲ್ಲಿ ಪೊಳ್ಳು, ಒಣಜಂಭದ ಎಂಬ ಅರ್ಥಗಳು ಉಳಿದುಕೊಂಡಿವೆ. ಇಂಗ್ಲಿಷಿನಲ್ಲಿ ‘ಬರಿದು’ ಎಂಬ ಅರ್ಥದಿಂದ ‘ಕೆಲಸವಿಲ್ಲದ’ ಎಂಬ ಅರ್ಥವೂ, ಅದರಿಂದ ‘ಕೆಲಸ ಮಾಡಲೊಲ್ಲದ’ ಎಂಬ ನಿಂದಾರ್ಥವೂ ಬೆಳೆದವು.

ಕನ್ನಡದಲ್ಲಿಯೂ ಇದಕ್ಕೆ ಹೋಲುವ ಬೆಳವಣಿಗೆಯನ್ನು ಕಾಣಬಹುದು. ‘ಬರಿದು’ ಎಂದರೆ ಖಾಲಿ. ‘ಬರಿದೆ’ ಎಂದರೆ ವ್ಯರ್ಥವಾಗಿ, ಕಾರಣವಿಲ್ಲದೆ. ‘ಬರಿಮಾತು’ ಎಂದರೆ ಕೃತಿಗಿಳಿಯದ ಮಾತು.

ಅರ್ಥಗಳು

- ಚಾಲನೆಯಲ್ಲಿಲ್ಲದ: ನಿಂತಿರುವ ಯಂತ್ರ, ಮುಚ್ಚಿರುವ ಕಾರ್ಖಾನೆ. ವಾಹನದ ಎಂಜಿನ್‌ಗೆ ಸಂಬಂಧಿಸಿದಂತೆ ಅರ್ಥ ತುಸು ಭಿನ್ನವಾಗಿದೆ. ಎಂಜಿನ್ ತಿರುಗುತ್ತಿದ್ದು ವಾಹನವನ್ನು ಚಲಿಸದಿರುವ ಸ್ಥಿತಿಯನ್ನು ಐಡಲಿಂಗ್ ಎನ್ನುತ್ತಾರೆ. ಈ ಸ್ಥಿತಿಯಲ್ಲಿಯೂ ಇಂಧನ ವ್ಯಯವಾಗುತ್ತದೆ.
- ಬಳಕೆಯಲ್ಲಿಲ್ಲದ: ಉಳುಮೆಯಾಗದ ಭೂಮಿ, ಹೂಡಿಕೆಯಾಗದ ಹಣ.
- ಕೆಲಸ ದೊರೆಯದ: ಉದ್ಯೋಗವಿಲ್ಲದೆ ಕುಳಿತ ಕಾರ್ಮಿಕ.
- ಕೆಲಸ ಮಾಡಲೊಲ್ಲದ: ಸೋಮಾರಿ, ಮೈಗಳ್ಳ, ಉಂಡಾಡಿ.
- ಆಧಾರವಿಲ್ಲದ ಅಥವಾ ಪರಿಣಾಮವಿಲ್ಲದ: ಕಾಡುಹರಟೆ, ಪೊಳ್ಳು ಬೆದರಿಕೆ, ಸುಮ್ಮನೆ ಹುಟ್ಟಿದ ಕುತೂಹಲ.

ಸಮೀಪಾರ್ಥಕ ಪದಗಳು

‘ಲೇಜಿ’ ಎಂಬುದು ಸಾಮಾನ್ಯವಾಗಿ ಸ್ವಭಾವವನ್ನು ಹೇಳುತ್ತದೆ. ‘ಐಡಲ್’ ಆ ಹೊತ್ತಿನ ಸ್ಥಿತಿಯನ್ನೂ ಹೇಳಬಲ್ಲದು. ಕಷ್ಟಪಟ್ಟು ದುಡಿಯುವವರೂ ಕಚ್ಚಾವಸ್ತು ಬಾರದ ದಿನ ಐಡಲ್ ಆಗಿರಬಹುದು. ‘ಡಾರ್ಮಂಟ್’ ಎಂಬುದು ನಿದ್ರಿಸು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದಿದ್ದು, ಮತ್ತೆ ಎಚ್ಚರಗೊಳ್ಳುವ ಸಾಧ್ಯತೆಯನ್ನು ಸೂಚಿಸುತ್ತದೆ. ಬೀಜದ ಸುಪ್ತಾವಸ್ಥೆ ಇದಕ್ಕೆ ಉದಾಹರಣೆ. ‘ಇನರ್ಟ್’ ಎಂದರೆ ಜಡ; ಹೀಲಿಯಂ, ನಿಯಾನ್, ಆರ್ಗಾನ್ ಅನಿಲಗಳನ್ನು ಹೀಗೆ ಕರೆಯಲಾಗುತ್ತದೆ. ಬ್ಯಾಂಕಿಂಗ್ ಕ್ಷೇತ್ರದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಗ್ರಾಹಕರ ವ್ಯವಹಾರ ನಡೆಯದ ಖಾತೆಯನ್ನು ನಿಷ್ಕ್ರಿಯ ಖಾತೆ ಎನ್ನುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿ ಐಡಲ್ ಎಂಬ ಪದವನ್ನು ಬಳಸುವುದಿಲ್ಲ.

ಮಂಡ್ಯ ಜಿಲ್ಲೆಯ ಉದಾಹರಣೆಗಳು

ಒಂದೇ ಪದದ ಬೇರೆ ಬೇರೆ ಅರ್ಥಗಳು ಹೇಗೆ ಕೂಡಿಕೊಂಡಿವೆ ಎಂಬುದನ್ನು ಕೃಷ್ಣರಾಜಸಾಗರ ಜಲಾಶಯದ ನೀರನ್ನು ಅವಲಂಬಿಸಿದ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲೂಕುಗಳ ಕೃಷಿ ಬದುಕಿನಲ್ಲಿ ಸ್ಪಷ್ಟವಾಗಿ ಕಾಣಬಹುದು.

ಭೂಮಿ: ವಿಶ್ವೇಶ್ವರಯ್ಯ ನಾಲೆಯ ನೀರು ಈ ಭಾಗದ ಭತ್ತ ಮತ್ತು ಕಬ್ಬಿನ ಬೇಸಾಯಕ್ಕೆ ಆಧಾರ. ಮಳೆ ಕೊರತೆಯ ವರ್ಷಗಳಲ್ಲಿ ನಾಲೆಗೆ ನೀರು ಬಿಡದಿದ್ದರೆ, ಅಥವಾ ನಾಲೆಯ ಕೊನೆಯ ಭಾಗಕ್ಕೆ ನೀರು ತಲುಪದಿದ್ದರೆ ಗದ್ದೆಗಳು ಬೀಳು ಬೀಳುತ್ತವೆ. ಭೂಬಳಕೆಯ ಅಂಕಿಅಂಶಗಳಲ್ಲಿ ಇಂತಹ ಭೂಮಿಗೆ ಮೂರು ಹೆಸರುಗಳಿವೆ. ಆ ವರ್ಷ ಮಾತ್ರ ಬಿತ್ತನೆಯಾಗದ್ದು ಚಾಲ್ತಿ ಬೀಳು. ಒಂದರಿಂದ ಐದು ವರ್ಷ ಬಿತ್ತನೆಯಾಗದ್ದು ಇತರೆ ಬೀಳು. ಐದು ವರ್ಷಕ್ಕಿಂತ ಹೆಚ್ಚು ಕಾಲ ಬಿಟ್ಟದ್ದು ಸಾಗುವಳಿಗೆ ಯೋಗ್ಯವಾದ ಪಾಳು. ಸಾಮಾನ್ಯ ಇಂಗ್ಲಿಷಿನಲ್ಲಿ ಈ ಮೂರನ್ನೂ ಐಡಲ್ ಎನ್ನಬಹುದು. ಫಲವತ್ತತೆಗಾಗಿ ರೈತರು ತಾವಾಗಿಯೇ ಬಿಟ್ಟ ಭೂಮಿಗೂ ನೀರಿಲ್ಲದೆ ಬಿಡಬೇಕಾಗಿ ಬಂದ ಭೂಮಿಗೂ ಇರುವ ವ್ಯತ್ಯಾಸವನ್ನು ಆ ಪದ ತೋರಿಸುವುದಿಲ್ಲ.

ಯಂತ್ರ: ಮಂಡ್ಯದ ಮೈಸೂರು ಸಕ್ಕರೆ ಕಂಪನಿ (ಮೈಷುಗರ್) 1933ರಲ್ಲಿ ಸ್ಥಾಪನೆಯಾಯಿತು. ಸಕ್ಕರೆ ಕಾರ್ಖಾನೆಗಳು ವರ್ಷಪೂರ್ತಿ ಕಬ್ಬು ಅರೆಯುವುದಿಲ್ಲ. ಹಂಗಾಮು ಮುಗಿದ ಬಳಿಕ ಗಾಣಗಳನ್ನು ಬಿಚ್ಚಿ ದುರಸ್ತಿ ಮಾಡುತ್ತಾರೆ. ಇದು ನಿಯಮಿತ ಬಿಡುವು. ಕೆಲವು ವರ್ಷಗಳ ಕಾಲ ಮೈಷುಗರ್‌ನಲ್ಲಿ ಕಬ್ಬು ಅರೆಯುವಿಕೆ ಸಂಪೂರ್ಣ ನಿಂತು 2022ರಲ್ಲಿ ಮತ್ತೆ ಆರಂಭವಾದದ್ದು ಬೇರೆ ಬಗೆಯ ನಿಲುಗಡೆ. ಕಟಾವಿಗೆ ಬಂದ ಕಬ್ಬನ್ನು ಗದ್ದೆಯಲ್ಲಿ ಹೆಚ್ಚು ದಿನ ಇಡಲಾಗುವುದಿಲ್ಲ. ತೂಕವೂ ಸಕ್ಕರೆ ಇಳುವರಿಯೂ ಕಡಿಮೆಯಾಗುತ್ತವೆ. ಆದ್ದರಿಂದ ಒಂದು ಕಾರ್ಖಾನೆ ನಿಂತರೆ ಬೆಳೆಗಾರರು ಬೇರೆ ಕಾರ್ಖಾನೆಗಳಿಗೆ ಕಬ್ಬು ಸಾಗಿಸಬೇಕಾಗುತ್ತದೆ. ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಆರಂಭವಾಗಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಪೂರೈಸಿದ ಜಲವಿದ್ಯುದಾಗಾರವು ನದಿಯ ಹರಿವನ್ನು ಅವಲಂಬಿಸಿದೆ. ಹರಿವು ತಗ್ಗಿದಾಗ ಟರ್ಬೈನುಗಳು ಸುಸ್ಥಿತಿಯಲ್ಲಿದ್ದರೂ ನಿಲ್ಲುತ್ತವೆ.

ಮನುಷ್ಯ: ನೀರು ನಿಂತು ನಾಟಿಯಾಗದಿದ್ದರೆ ಕೃಷಿ ಕೂಲಿಕಾರರಿಗೆ ಕೆಲಸವಿರುವುದಿಲ್ಲ, ಗಾಣ ನಿಂತರೆ ಕಬ್ಬು ಕಡಿಯುವವರಿಗೂ ಗಾಡಿ ಹೊಡೆಯುವವರಿಗೂ ಕೆಲಸ ತಪ್ಪುತ್ತದೆ. ಅವರನ್ನು ಇಂಗ್ಲಿಷಿನಲ್ಲಿ ಐಡಲ್ ಎಂದರೆ ಅದು ಕೆಲಸ ದೊರೆಯದ ಸ್ಥಿತಿಯ ವಿವರಣೆ. ಅದೇ ವಾಕ್ಯವನ್ನು ‘ಸೋಮಾರಿಗಳು’ ಎಂದು ಕನ್ನಡಿಸಿದರೆ ನೀರಿನ ಕೊರತೆಯು ಕೂಲಿಕಾರರ ತಪ್ಪಾಗಿ ಮಾರ್ಪಡುತ್ತದೆ. ಹಳ್ಳಿಯ ಅರಳಿಕಟ್ಟೆಯಲ್ಲಿ ಕುಳಿತವರನ್ನು ಕುರಿತು ಬಳಸುವ ‘ಸೋಮಾರಿಕಟ್ಟೆ’ ಎಂಬ ನುಡಿಗಟ್ಟಿನಲ್ಲಿಯೂ ಬಿಡುವು ಮತ್ತು ಮೈಗಳ್ಳತನದ ಅರ್ಥಗಳು ಬೆರೆತಿವೆ. ‘ಸುಮ್ಮನೆ ಕೂತಿದ್ದಾರೆ’, ‘ಖಾಲಿ ಇದ್ದಾರೆ’ ಎಂಬ ಆಡುಮಾತುಗಳು ದೋಷಾರೋಪವಿಲ್ಲದೆ ಸ್ಥಿತಿಯನ್ನು ಹೇಳಬಲ್ಲವು.

ಕಾನೂನಿನಲ್ಲಿ

ಇಂಗ್ಲೆಂಡಿನ 1824ರ ಅಲೆಮಾರಿತನ ಕಾಯ್ದೆಯಲ್ಲಿ ಐಡಲ್ ಎಂಬುದು ಅಪರಾಧದ ಒಂದು ವರ್ಗದ ಹೆಸರಾಗಿತ್ತು. ದುಡಿಯಬಲ್ಲವರಾಗಿದ್ದೂ ದುಡಿಯದವರು, ಭಿಕ್ಷೆ ಬೇಡುವವರು ಮುಂತಾದವರು ಅದರಡಿ ಶಿಕ್ಷೆಗೆ ಗುರಿಯಾಗುತ್ತಿದ್ದರು. ಇದಕ್ಕೆ ವ್ಯತಿರಿಕ್ತವಾಗಿ ಭಾರತದ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯು ‘ಲೇ-ಆಫ್’ ಎಂಬುದನ್ನು ವ್ಯಾಖ್ಯಾನಿಸುವಾಗ ಕಲ್ಲಿದ್ದಲು, ವಿದ್ಯುತ್ ಅಥವಾ ಕಚ್ಚಾವಸ್ತುಗಳ ಕೊರತೆ, ಯಂತ್ರ ಕೆಡುವಿಕೆ ಮುಂತಾದ ಕಾರಣಗಳಿಂದ ಮಾಲೀಕರು ಕೆಲಸ ಕೊಡಲಾಗದಿರುವುದನ್ನು ಮುಂದಿಟ್ಟಿತು. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯು ಕೆಲಸ ಕೇಳಿ 15 ದಿನಗಳೊಳಗೆ ಪಡೆಯದವರಿಗೆ ನಿರುದ್ಯೋಗ ಭತ್ಯೆಯನ್ನು ಗೊತ್ತುಪಡಿಸಿತು.

ಸಾಹಿತ್ಯ ಮತ್ತು ಚಿಂತನೆಯಲ್ಲಿ

ಸ್ಯಾಮ್ಯುಯೆಲ್ ಜಾನ್ಸನ್ 1758ರಿಂದ 1760ರವರೆಗೆ ‘ದಿ ಐಡ್ಲರ್’ ಎಂಬ ಶೀರ್ಷಿಕೆಯಲ್ಲಿ ಪ್ರಬಂಧಮಾಲೆಯನ್ನು ಬರೆದರು. ಬರ್ಟ್ರಂಡ್ ರಸೆಲ್ ಅವರು 1932ರ ತಮ್ಮ ಪ್ರಬಂಧವೊಂದರಲ್ಲಿ ಬಿಡುವನ್ನು ಸಮರ್ಥಿಸಿ, ದುಡಿಮೆಯ ಅವಧಿಯನ್ನು ದಿನಕ್ಕೆ ನಾಲ್ಕು ಗಂಟೆಗೆ ಇಳಿಸಬಹುದೆಂದು ವಾದಿಸಿದರು.

ವ್ಯಾಕರಣ ಮತ್ತು ಉಚ್ಚಾರಣೆ

ಇದರ ತರ-ತಮ ರೂಪಗಳು ‘ಐಡ್ಲರ್’ ಮತ್ತು ‘ಐಡ್ಲೆಸ್ಟ್’, ಭಾವನಾಮ ‘ಐಡಲ್‌ನೆಸ್’. ಕ್ರಿಯಾಪದವಾಗಿಯೂ ಇದು ಬಳಕೆಯಲ್ಲಿದೆ. ಕ್ರಿಯಾವಿಶೇಷಣ ‘ಐಡ್ಲಿ’ಯ ಇಂಗ್ಲಿಷ್ ಕಾಗುಣಿತವೂ ದಕ್ಷಿಣ ಭಾರತದ ಹಲವು ಹೋಟೆಲುಗಳ ಫಲಕಗಳಲ್ಲಿ ಕಾಣುವ ಇಡ್ಲಿಯ ಕಾಗುಣಿತವೂ ಒಂದೇ. ವಿಗ್ರಹ ಅಥವಾ ಆರಾಧ್ಯ ವ್ಯಕ್ತಿ ಎಂಬ ಅರ್ಥದ ಮತ್ತೊಂದು ಇಂಗ್ಲಿಷ್ ಪದಕ್ಕೂ ಇದೇ ಉಚ್ಚಾರಣೆಯಿದೆ. ‘ಇಂಡಿಯನ್ ಐಡಲ್’ ಎಂಬ ದೂರದರ್ಶನ ಸ್ಪರ್ಧೆಯ ಹೆಸರಿನಲ್ಲಿರುವುದು ಆ ಪದ. ಕನ್ನಡ ಲಿಪಿಯಲ್ಲಿ ಎರಡನ್ನೂ ಒಂದೇ ರೀತಿ ಬರೆಯುವುದರಿಂದ ಅರ್ಥವನ್ನು ಸಂದರ್ಭದಿಂದಲೇ ತಿಳಿಯಬೇಕಾಗುತ್ತದೆ.