ಹಿಮದಡಿಯ ಯುದ್ಧ: ನಾರ್ವೆಯ ಬೀಭತ್ಸ-ಹಾಸ್ಯ ಚಿತ್ರವೊಂದರ ಚಾರಿತ್ರಿಕ ಹಿನ್ನೆಲೆ

ಬಿಳಿ ಹಿಮದ ಮೇಲೆ ಕೆಂಪು ರಕ್ತ ಎದ್ದು ಕಾಣುತ್ತದೆ. ಚಳಿನಾಡಿನ ಬೀಭತ್ಸ-ಹಾಸ್ಯ ಚಿತ್ರಗಳ ಸೆಳೆತವನ್ನು ವಿವರಿಸುವವರು ಬಹುಮಟ್ಟಿಗೆ ಇಷ್ಟಕ್ಕೇ ನಿಲ್ಲುತ್ತಾರೆ. ಟಾಮಿ ವಿರ್ಕೋಲ ನಿರ್ದೇಶನದ ‘ಡೆಡ್ ಸ್ನೋ’ (2009) ಚಿತ್ರವನ್ನು ಅದು ಹುಟ್ಟಿದ ನೆಲದ ಚರಿತ್ರೆಯ ಜೊತೆಗಿಟ್ಟು ನೋಡಿದರೆ ಈ ವಿವರಣೆ ಸಾಲದು. ಆ ಹಿಮದ ಕೆಳಗೆ 1944ರ ಯುದ್ಧವಿದೆ ಎಂಬುದು ಈ ಲೇಖನದ ವಾದ.

ಕಥೆ ಸರಳ. ಈಸ್ಟರ್ ರಜೆ ಕಳೆಯಲು ವೈದ್ಯಕೀಯ ವಿದ್ಯಾರ್ಥಿಗಳ ಗುಂಪೊಂದು ಉತ್ತರ ನಾರ್ವೆಯ ಬೆಟ್ಟದ ಮರದ ಮನೆಗೆ ಬರುತ್ತದೆ. ಯುದ್ಧಕಾಲದಲ್ಲಿ ಊರನ್ನು ದೋಚಿ, ಜನರ ಪ್ರತಿದಾಳಿಗೆ ಸಿಕ್ಕಿ ಬೆಟ್ಟಕ್ಕೆ ಓಡಿದ ನಾಜಿ ಪಡೆಯೊಂದರ ಕಥೆಯನ್ನು ದಾರಿಹೋಕನೊಬ್ಬ ಅವರಿಗೆ ಹೇಳುತ್ತಾನೆ. ಮನೆಯಲ್ಲಿ ಬಚ್ಚಿಟ್ಟಿದ್ದ ಚಿನ್ನದ ಪೆಟ್ಟಿಗೆ ಹುಡುಗರ ಕೈಗೆ ಸಿಗುತ್ತದೆ. ಕರ್ನಲ್ ಹರ್ಟ್ಸೋಗ್ ಮತ್ತವನ ಸತ್ತ ಸೈನಿಕರು ಹಿಮ ಸೀಳಿ ಏಳುತ್ತಾರೆ.

ಹರ್ಟ್ಸೋಗ್ ಕಲ್ಪಿತ ವ್ಯಕ್ತಿ, ಅವನ ಹಿಂದಿನ ವಿನಾಶ ಕಲ್ಪಿತವಲ್ಲ. 1944ರ ಅಕ್ಟೋಬರ್‌ನಲ್ಲಿ ಸೋವಿಯತ್ ಸೇನೆ ಪೂರ್ವದಿಂದ ಒತ್ತಿಬಂದಾಗ, ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಹಿಟ್ಲರನ ಆಜ್ಞೆಯಂತೆ ಫಿನ್ಮಾರ್ಕ್ ಮತ್ತು ಉತ್ತರ ಟ್ರೋಮ್ಸ್ ಪ್ರದೇಶಗಳನ್ನು ಸುಟ್ಟಿತು. ಮನೆ, ಶಾಲೆ, ಆಸ್ಪತ್ರೆ, ದೋಣಿಕಟ್ಟೆ ಯಾವುದನ್ನೂ ಬಿಡಲಿಲ್ಲ. ಸುಮಾರು 50,000 ಜನರನ್ನು ಬಲವಂತವಾಗಿ ದಕ್ಷಿಣಕ್ಕೆ ಅಟ್ಟಲಾಯಿತು. ಒಪ್ಪದ ಸಾವಿರಾರು ಮಂದಿ ಆ ಚಳಿಗಾಲವನ್ನು ಗುಹೆ, ಗುಡಿಸಲುಗಳಲ್ಲಿ ಕಳೆದರು. ವಿರ್ಕೋಲ ಹುಟ್ಟಿದ್ದು 1979ರಲ್ಲಿ, ಇದೇ ಫಿನ್ಮಾರ್ಕ್‌ನ ಆಲ್ಟಾದಲ್ಲಿ. ಸುಟ್ಟ ಊರನ್ನು ಹೊಸದಾಗಿ ಕಟ್ಟಿದವರ ಮುಂದಿನ ತಲೆಮಾರು ಅವನದು.

ಸತ್ತವರು ಚಿನ್ನಕ್ಕಾಗಿ ಏಳುವುದೂ ಉತ್ತರದ್ದೇ ಕಲ್ಪನೆ. ಅಮೆರಿಕದ ಜೊಂಬಿಯನ್ನು ಹಸಿವು ನಡೆಸುತ್ತದೆ. ಐಸ್‌ಲ್ಯಾಂಡಿನ ಪ್ರಾಚೀನ ಕಥನಗಳ ‘ದ್ರೌಗ್’ ಎಂಬ ಪ್ರೇತ ತನ್ನ ನಿಧಿಯನ್ನು ಕಾಯುತ್ತದೆ. ‘ಗ್ರೆಟ್ಟಿರನ ಸಾಗಾ’ದಲ್ಲಿ ನಾಯಕ ಸಮಾಧಿಯೊಂದನ್ನು ಅಗೆದು, ಒಳಗಿದ್ದ ಕಾರ್ ಎಂಬ ಹಳೆಯ ಪ್ರೇತದೊಡನೆ ಮಲ್ಲಯುದ್ಧ ಮಾಡಿ ಸಂಪತ್ತನ್ನು ತರುತ್ತಾನೆ. ವಿರ್ಕೋಲ ಆ ಪ್ರೇತಕ್ಕೆ ನಾಜಿ ಸಮವಸ್ತ್ರ ತೊಡಿಸಿದ್ದಾನೆ. ಚಿತ್ರದ ಅತ್ಯಂತ ಜಾಣ ನಿರ್ಧಾರ ಇದೇ ಎಂಬುದು ನನ್ನ ಅಭಿಪ್ರಾಯ: ದೋಚಿದ್ದನ್ನು ಹಕ್ಕಿನಿಂದ ಕೇಳುವ ದೋಚುಗಾರನನ್ನು ಅದು ನಮ್ಮೆದುರು ನಿಲ್ಲಿಸುತ್ತದೆ.

ಈಸ್ಟರ್ ಸಂದರ್ಭಕ್ಕೂ ಅರ್ಥವಿದೆ. ಹಿಮದ ಬೆಟ್ಟದ ಮನೆಯಲ್ಲಿ ಈಸ್ಟರ್ ಕಳೆಯುತ್ತ ಪತ್ತೇದಾರಿ ಕಾದಂಬರಿ ಓದುವುದು ನಾರ್ವೆಯ ರೂಢಿ. 1923ರಲ್ಲಿ ಬರ್ಗನ್ ರೈಲಿನ ದರೋಡೆಯ ಕಾದಂಬರಿಯೊಂದರ ಜಾಹೀರಾತು ‘ಆಫ್ಟನ್‌ಪೋಸ್ಟನ್’ ಪತ್ರಿಕೆಯ ಮುಖಪುಟದಲ್ಲಿ ಸುದ್ದಿಯ ಶೀರ್ಷಿಕೆಯಂತೆ ಅಚ್ಚಾಗಿತ್ತು; ದರೋಡೆ ನಿಜವೆಂದೇ ಹಲವರು ನಂಬಿದರು. ಈ ರೂಢಿಯ ಮೂಲ ಅದು. ಹೀಗೆ ಬೆಚ್ಚಗೆ ಕೂತು ಹೆದರುವ ಸುಖಕ್ಕೆ ಒಗ್ಗಿದ ಪ್ರೇಕ್ಷಕರ ಅದೇ ಮನೆಯ ಬಾಗಿಲನ್ನು ಚಿತ್ರ ಒಡೆಯುತ್ತದೆ.

ಇನ್ನು ನಗು. ವೆಗಾರ್ಡ್ ಎಂಬ ಯುವಕ ಕಡಿದಾದ ಬಂಡೆಯಂಚಿನಿಂದ ಜೊಂಬಿಯೊಂದರ ಕರುಳನ್ನೇ ಹಗ್ಗವಾಗಿ ಹಿಡಿದು ನೇತಾಡುತ್ತಾನೆ. ಅದೇ ಗುಂಪಿನ ಮಾರ್ಟಿನ್ ಕಚ್ಚಿಸಿಕೊಂಡ ತನ್ನ ತೋಳನ್ನು ಮರ ಕೊಯ್ಯುವ ಗರಗಸದಿಂದ ತಾನೇ ಕತ್ತರಿಸಿಕೊಳ್ಳುತ್ತಾನೆ. ಸ್ಯಾಮ್ ರೈಮಿಯ ‘ಈವಿಲ್ ಡೆಡ್ 2’ (1987) ಚಿತ್ರಕ್ಕೆ ಇದು ನೇರ ನಮಸ್ಕಾರ. ಕರುಳು, ಗರಗಸದ ಈ ದೃಶ್ಯಗಳೆರಡೂ ನಡೆಯುವುದು ಹಾಡುಹಗಲಲ್ಲಿ. ಭಯಾನಕಕ್ಕೆ ಕತ್ತಲೆಯ ಮರೆ ಬೇಕು. ಹಿಮದ ಬೆಳಕಿನಲ್ಲಿ ಮರೆಯೇ ಇಲ್ಲ. ಪ್ರತಿ ನರ, ಪ್ರತಿ ತುಂಡು ಸ್ಪಷ್ಟವಾಗಿ ಕಾಣುತ್ತದೆ, ಅತಿಯಾದ ಆ ಸ್ಪಷ್ಟತೆಯೇ ಬೀಭತ್ಸವನ್ನು ಹಾಸ್ಯದ ಅಂಚಿಗೆ ತಳ್ಳುತ್ತದೆ.

ಗಡಿಯಾಚೆಯ ಫಿನ್ಲೆಂಡಿನ ಲ್ಯಾಪ್‌ಲ್ಯಾಂಡನ್ನೂ 1944ರಲ್ಲಿ ಜರ್ಮನ್ ಸೇನೆ ಸುಟ್ಟಿತ್ತು. ಆ ದೇಶದ ಯಲ್ಮಾರಿ ಹೆಲಾಂಡರ್‌ನ ‘ರೇರ್ ಎಕ್ಸ್‌ಪೋರ್ಟ್ಸ್’ (2010) ಬೆಟ್ಟ ಅಗೆದು ಕ್ರೂರ ಸಾಂಟಾಕ್ಲಾಸನನ್ನು ಹೊರತೆಗೆಯುತ್ತದೆ, ಯುದ್ಧವನ್ನು ಮುಟ್ಟುವುದಿಲ್ಲ.

ವಿರ್ಕೋಲನ ಎರಡನೆಯ ಭಾಗ (2014) ಮಾತ್ರ ಇನ್ನೂ ಆಳಕ್ಕೆ ಅಗೆಯುತ್ತದೆ. ನಾಜಿಗಳನ್ನು ಎದುರಿಸಲು ಮಾರ್ಟಿನ್ ಸತ್ತ ಸೋವಿಯತ್ ಸೈನಿಕರನ್ನು ಎಬ್ಬಿಸುತ್ತಾನೆ. ಯುದ್ಧಕಾಲದಲ್ಲಿ ಜರ್ಮನರು ನಾರ್ವೆಗೆ ತಂದ ಸುಮಾರು 1,00,000 ಸೋವಿಯತ್ ಯುದ್ಧಕೈದಿಗಳಲ್ಲಿ 13,000ಕ್ಕೂ ಹೆಚ್ಚು ಮಂದಿ ಅಲ್ಲೇ ಸತ್ತರು. ಸಮಾಧಿ ನೋಡುವ ನೆಪದಲ್ಲಿ ಸೋವಿಯತ್ ಗೂಢಚಾರರು ಬಂದಾರೆಂಬ ಶೀತಲ ಸಮರದ ಶಂಕೆಯಿಂದ 1951ರಲ್ಲಿ ನಾರ್ವೆ ಸರ್ಕಾರವೇ, ಸ್ಥಳೀಯರ ಪ್ರತಿಭಟನೆಯ ನಡುವೆ, ಉತ್ತರದ ಆ ಸಮಾಧಿಗಳನ್ನು ಅಗೆಸಿ ಅವಶೇಷಗಳನ್ನು ತ್ಯೋಟ್ಟಾ ದ್ವೀಪಕ್ಕೆ ಸಾಗಿಸಿತು. ‘ಆಪರೇಷನ್ ಆಸ್ಫಾಲ್ಟ್’ ಎಂದು ಅದರ ಹೆಸರು. ಐಸ್‌ಲ್ಯಾಂಡಿನಲ್ಲಿ ಚಿತ್ರೀಕರಣಗೊಂಡ ಈ ಎರಡನೆಯ ಭಾಗದಲ್ಲಿ ಹಿಮ ಕಡಿಮೆ, ಗದ್ದಲ ಹೆಚ್ಚು. ಮೊದಲನೆಯದರ ಬಿಗಿ ಇದಕ್ಕಿಲ್ಲ. ಆದರೂ ಆ ಕೈದಿಗಳನ್ನು ಪರದೆಯ ಮೇಲೆ ಎಬ್ಬಿಸಿ ಹರ್ಟ್ಸೋಗ್‌ನ ಪಡೆಯ ಎದುರು ನಿಲ್ಲಿಸುವ ಧೈರ್ಯವನ್ನು ಅದು ತೋರಿದೆ.