ಪ್ಯಾರಾಗ್ಲೈಡಿಂಗ್: ಆಗಸದಿಂದ ಬೇಗನೆ ಇಳಿಯುವ ಬಗೆ

ಸೂರತ್, ವಡೋದರಾ, ಅಹಮದಾಬಾದ್‌ಗಳ ಕನ್ನಡಿಗರಿಗೆ ಪರಿಚಿತವಾದ ಸಾಪುತಾರಾ ಗಿರಿಧಾಮದಲ್ಲಿ ಪ್ಯಾರಾಗ್ಲೈಡಿಂಗ್ ನಡೆಯುತ್ತ ಬಂದಿದೆ. ಈ ರೆಕ್ಕೆ ಸಹಜವಾಗಿ ಸೆಕೆಂಡಿಗೆ ಸುಮಾರು 1 ಮೀಟರಿನಷ್ಟೇ ಇಳಿಯುತ್ತದೆ. ಬೆಳೆಯುತ್ತಿರುವ ಮಳೆಮೋಡದಡಿಯ ಗಾಳಿ ಅದಕ್ಕಿಂತ ವೇಗವಾಗಿ ಏರತೊಡಗಿದರೆ ಪೈಲಟ್ ಮೋಡದೊಳಗೆ ಸೆಳೆಯಲ್ಪಡುತ್ತಾರೆ. 2007ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಮನಿಲ್ಲಾ ಬಳಿ ಜರ್ಮನಿಯ ಏವಾ ವಿಸ್ನಿಯೆರ್ಸ್ಕಾ ಹೀಗೆಯೇ 9,900 ಮೀಟರಿಗೂ ಮೇಲೇರಿ, ಪ್ರಜ್ಞೆ ತಪ್ಪಿಯೂ ಬದುಕಿ ಬಂದರು. ಅದೇ ಬಿರುಗಾಳಿಯಲ್ಲಿ ಚೀನಾದ ಪೈಲಟ್ ಒಬ್ಬರು ಅಸುನೀಗಿದರು.

ಸುಲಭವಾದ ಉಪಾಯ 'ಬಿಗ್ ಇಯರ್ಸ್'. ಹೊರ ಅಂಚಿನ ಎ-ದಾರಗಳನ್ನೆಳೆದು ರೆಕ್ಕೆಯ ಎರಡೂ ತುದಿಗಳನ್ನು ಮಡಿಸಿದರೆ ಇಳಿತ ಸುಮಾರು 3 ಮೀಟರಿಗೇರುತ್ತದೆ. ಮುಂದಕ್ಕೆ ಸಾಗುತ್ತ ಮೋಡದಿಂದ ದೂರ ಸರಿಯಲೂ ಸಾಧ್ಯ. ಬಿ-ದಾರಗಳನ್ನೆಳೆಯುವ 'ಬಿ-ಸ್ಟಾಲ್' ಇದಕ್ಕಿಂತ ವೇಗದ್ದು, ಆದರೆ ಗಾಳಿ ಒಯ್ದತ್ತ ತೇಲಬೇಕು. ಹಲವು ಹೊಸ ರೆಕ್ಕೆಗಳಿಗೆ ತಯಾರಕರೇ ಇದನ್ನು ಬೇಡವೆನ್ನುತ್ತಾರೆ. ಸುರುಳಿ ಇಳಿತವಾದ 'ಸ್ಪೈರಲ್' 10 ಮೀಟರನ್ನೂ ಮೀರುತ್ತದೆ. ಅತಿ ಅಪಾಯಕಾರಿಯೂ ಇದೇ. ದೇಹದ ಭಾರ ಮೂರು ಪಟ್ಟಾಗಿ, ರಕ್ತ ಕೆಳಗಿಳಿದು ಕಣ್ಣಿಗೆ ಕತ್ತಲೆ ಕವಿಯಬಹುದು. ಪ್ರಜ್ಞೆ ಹೋದರೆ ಸುರುಳಿ ತಾನಾಗಿ ನಿಲ್ಲದಿರಬಹುದು. ತುದಿ ಮಡಿಸಿಕೊಂಡೇ ಸುರುಳಿ ಹಾಕುವುದಂತೂ ಸಲ್ಲದು, ಉಳಿದ ಕೆಲವೇ ದಾರಗಳು ಇಡೀ ಭಾರವನ್ನು ಹೊರಬೇಕಾಗುತ್ತದೆ.

ಇವುಗಳ ಅಭ್ಯಾಸ ಶಿಕ್ಷಕರ ಕಣ್ಗಾವಲಿನಲ್ಲಿ, ನೀರಿನ ಮೇಲೆ, ಸಾಕಷ್ಟು ಎತ್ತರದಲ್ಲಿ ನಡೆಯತಕ್ಕದ್ದು. ಮಕ್ಕಳನ್ನು ಜೋಡಿ ಹಾರಾಟಕ್ಕೆ ಕಳುಹಿಸುವ ಪಾಲಕರು ಪೈಲಟ್‌ರ ತರಬೇತಿಯನ್ನೂ ರಿಸರ್ವ್ ಪ್ಯಾರಾಶೂಟನ್ನೂ ಮೊದಲೇ ವಿಚಾರಿಸಲಿ.